ಹೊಳಿ ಬಂತು ಅಂತ ಕದ ಬಡಿಯೋರು ಯಾರು? – ಓದುಗರ ಪ್ರಶ್ನಿ, ನಮ್ಮ ಉತ್ತರ

ಹೋದ ಸಂಚಿಕಿಯೊಳಗ ಮಳಿ, ಹೊಳಿ, ಸಿಡ್ಲು, ಬಿಸ್ಲು ಬಗ್ಗೆ ಏನರೆ ಕೇಳೂದಿದ್ರ ಬರೀರಿ ಅಂದಿದ್ವಿ, ಇಷ್ಟು ಬರ್ತಾವ ಅಂತ ಅನ್ಕೊಂಡಿರ್ಲಿಲ್ಲ. ಪೋಸ್ಟ್‌ಕಾರ್ಡ್ ಎರಡೇ, ಉಳಿದದ್ದೆಲ್ಲ ವಾಟ್ಸಾಪ್, ಅದ್ರಾಗೂ ಅರ್ಧ ವಾಯ್ಸ್ ಮೆಸೇಜು, ಒಂದ್ರಾಗಂತೂ ಮಾತಿಗಿಂತ ಹಿಂದ ಕುರಿ ಒದ್ರೂದೇ ಜಾಸ್ತಿ. ನಾನು ಕಂದಾಯ ಇಲಾಖಿಯೊಳಗ ಭೀಮಾ ದಂಡಿ ಊರುಗಳಾಗ ವಿಎ, ಅಂದ್ರ ಗ್ರಾಮ ಲೆಕ್ಕಿಗ ಆಗಿ ತಿರುಗಾಡಿ ರಿಟೈರ್ ಆದಾವ. ಇಂಜಿನಿಯರ್ ಅಲ್ಲ, ವಿಜ್ಞಾನಿನೂ ಅಲ್ಲ. ಕಂಡದ್ದು, ತಿಳಿದವರ್ನ ಕೇಳಿ ಖಾತ್ರಿ ಮಾಡ್ಕೊಂಡದ್ದು ಅಷ್ಟೇ ಹೇಳ್ತೀನಿ. ಹೆಸರು ಹಾಕಬ್ಯಾಡ್ರಿ ಅಂತ ಭಾಳ ಮಂದಿ ಅಂದಾರ, ಅದಕ್ಕ ಯಾರ ಹೆಸರೂ ಹಾಕಿಲ್ಲ.

ಪ್ರಶ್ನಿ: ಕಾಕಾ, ನಮ್ಮದು ಅಫಜಲಪುರ ತಾಲೂಕಿನ್ಯಾಗ ಭೀಮಾ ದಂಡಿ ಮ್ಯಾಲಿನ ಊರು. ಪ್ರತಿ ವರ್ಷ ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ಇಷ್ಟು ಲಕ್ಷ ಕ್ಯೂಸೆಕ್ ಬಿಟ್ಟಾರ ಅಂತ ಮೊಬೈಲಿಗೆ ಬರ್ತದ. ಲಕ್ಷ ಅಂದ್ರ ನಮ್ಮ ಮನಿತನ ಬರ್ತದೋ ಇಲ್ಲೋ ಹೆಂಗ ತಿಳೀಬೇಕು? ಒಮ್ಮೆ ಏನೂ ಆಗಲ್ಲ, ಒಮ್ಮೆ ರಾತ್ರಿ ಬಂದು ಒಳಗ ನಿಂತಿರ್ತದ.

ಯಕ್ಕಾ, ನಿಮ್ಮ ಪ್ರಶ್ನಿನೇ ಮೊದಲು ತಗೊಂಡೀನಿ, ಯಾಕಂದ್ರ ಉಳಿದ ಪ್ರಶ್ನಿಗಳ ಬೇರೂ ಇದ್ರಾಗೇ ಅದ.

ಒಂದು ಕ್ಯೂಸೆಕ್ ಅಂದ್ರ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು, ಅಂದಾಜು 28 ಲೀಟರ್. ನಾವು ಸೊಂಟದ ಮ್ಯಾಲ ಹೊರೂ ಕೊಡ ಲೆಕ್ಕಕ್ಕ ಹಿಡಿದ್ರ ಎರಡು ಕೊಡ. ಅಂದ್ರ ಲಕ್ಷ ಕ್ಯೂಸೆಕ್ ಅಂದ್ರ ಕಣ್ಣು ಮುಚ್ಚಿ ತೆಗಿಯೂದ್ರೊಳಗ ಎರಡು ಲಕ್ಷ ಕೊಡ ನೀರು ನಿಮ್ಮ ಊರ ಮುಂದ ದಾಟಿ ಹೋಗ್ತದ. ಆದ್ರ ಇದೂ ನಿಮಗ ಉಪಯೋಗಕ್ಕ ಬರಲ್ಲ, ನಿಮಗ ಬೇಕಾದದ್ದು ಕೊಡದ ಲೆಕ್ಕ ಅಲ್ಲ, ನೀರು ಹನುಮಪ್ಪನ ಗುಡಿ ಕಟ್ಟಿ ಎಷ್ಟನೇ ಮೆಟ್ಟಲಿಗೆ ಬರ್ತದ ಅನ್ನೂದು.

ಅದನ್ನ ಬೆಂಗಳೂರಿನವ್ರು ಹೇಳೂದಕ್ಕ ಆಗಲ್ಲ, ನಿಮ್ಮ ಊರೇ ಬರ್ದಿಡ್ಬೇಕು. ಗುಡಿ ಮೆಟ್ಟಲಿಗೆ, ಇಲ್ಲಾ ಸಾಲಿ ಗ್ವಾಡಿಗೆ ಎಣ್ಣಿ ಪೇಂಟ್‌ಲೆ ಗೆರಿ ಹಾಕ್ರಿ, ಅಡಿಗೊಂದು. ಹೊಳಿ ಬಂದಾಗ ಒಬ್ಬ ಹುಡುಗಗ ನೋಟಬುಕ್ ಕೊಟ್ಟು ಕೂಡಸ್ರಿ. ಭೀಮಾ ಮ್ಯಾಲಿನ ಸೊನ್ನ ಬ್ಯಾರೇಜಿನ್ಯಾಗ ಇಷ್ಟು ಬಿಟ್ಟಾರ ಅಂತ ಸುದ್ದಿ ಬಂದದ್ದು ಎಷ್ಟು ಗಂಟಿಗೆ, ನಮ್ಮ ಗೆರಿಗೆ ನೀರು ಮುಟ್ಟಿದ್ದು ಎಷ್ಟು ಗಂಟಿಗೆ, ಇಷ್ಟೇ ಬರೀಲಿ. ಎರಡು ಮೂರು ಹೊಳಿ ಆಗೂದ್ರೊಳಗ ನಿಮ್ಮ ಕೈಯಾಗ ಒಂದು ಲೆಕ್ಕ ಬರ್ತದ, ಆಮ್ಯಾಲ ಮೊಬೈಲಿನ್ಯಾಗ ಲಕ್ಷ ಅಂತ ನೋಡಿದ್ರ ಸಾಕು, ಯಾವ ಮನಿ ಮುಳುಗ್ತದ, ಎಷ್ಟು ತಾಸು ಪುರಸೊತ್ತು ಅದ ಅಂತ ನೀವೇ ಹೇಳ್ತೀರಿ. ಹಳೀ ಮಂದಿ ಇದನ್ನೇ ಬಾಯಿಲೆಕ್ಕದಾಗ ಇಟ್ಟಿದ್ರು, ಇಂಥಾ ಕಲ್ಲು ಮುಳುಗಿದ್ರ ಕೆಳಗಿನ ಓಣಿ ಖಾಲಿ ಮಾಡ್ಬೇಕು ಅಂತ. ಆ ಮಂದಿ ಹೋದ್ರು, ಕಲ್ಲು ಅಲ್ಲೇ ಅದ.

ಇನ್ನೊಂದು. ಉಜನಿ ಒಂದರ ಮ್ಯಾಲೇ ಕಣ್ಣಿಟ್ಟು ಕೂಡಬ್ಯಾಡ್ರಿ. ಉಜನಿ ದೊಡ್ಡದು ಖರೆ, 117 ಟಿಎಂಸಿ ಹಿಡೀತದ (ಒಂದು ಟಿಎಂಸಿ ಅಂದ್ರ ನೂರು ಕೋಟಿ ಘನ ಅಡಿ). ಆದ್ರ ಉಜನಿ ಕೆಳಗ ನೀರಾ ನದಿ ಬಂದು ಭೀಮಾಕ್ಕ ಕೂಡ್ತದ, ಅದರ ಮ್ಯಾಲ ವೀರ ಡ್ಯಾಮ್ ಬ್ಯಾರೆ ಅದ, ಇನ್ನೂ ಕೆಳಗ ನಮ್ಮ ಗಡಿ ಹತ್ರ ಸೀನಾ ಕೂಡ್ತದ, ಅಕ್ಕಲಕೋಟ ಕಡಿಂದ ಬೋರಿ ಬರ್ತದ. 2025ರ ಸೆಪ್ಟೆಂಬರ್ ಕಡೀಗೆ ಭೀಮಾ ತುಂಬಿ ಬಂದಾಗ ಸೀನಾ ನೀರೂ ಜೋರಿತ್ತು. ಉಜನಿಯವ್ರು ಗೇಟ್ ಕಮ್ಮಿ ಮಾಡ್ಯಾರಂತ ಅಂತ ನಿಶ್ಚಿಂತಿಲೆ ಮಲಗಿದ್ರ ಸೀನಾ ಬಂದು ಎಬ್ಬಸ್ತದ. ಜೇವರ್ಗಿ, ಶಹಾಬಾದ, ಯಾದಗಿರಿ ಕಡಿಯವ್ರಿಗಂತೂ ಕಾಗಿಣಾ ಹೊಳಿದ್ದೂ ಲೆಕ್ಕ ಬೇಕು, ಚಿಂಚೋಳಿ ಮ್ಯಾಲ ಮಳಿ ಆದ್ರ ಮುಲ್ಲಾಮಾರಿ, ಬೆಣ್ಣೆತೊರಾ ಎಲ್ಲ ಕೂಡಿ ಮಳಖೇಡದ ಸೇತುವೆ ಮುಳುಗಿಸಿ ಭೀಮಾಕ್ಕ ಇಳೀತಾವ. ಕೃಷ್ಣಾ ದಂಡಿಯವ್ರು ಬಸವಸಾಗರ ಡ್ಯಾಮಿನ ಗೇಟಿನ ಸುದ್ದಿ ಹಿಡೀಬೇಕು, ಅಲ್ಲಿ ನೀರು ಬಿಟ್ರ ನೀಲಕಂಠರಾಯನಗಡ್ಡಿಯಂಥಾ ನಡುಗಡ್ಡಿ ಊರಿಗೆ ದಾರಿನೇ ಬಂದ್ ಆಗ್ತದ.

ಈಗ ಖರೆ ಸಮಸ್ಯಾ. ಸುದ್ದಿ ಬರಲ್ಲ ಅಂತ ಅಲ್ಲ, ಬರ್ತದ. ಬಂದು ಮೊಬೈಲಿನ್ಯಾಗೇ ಕುಂದರ್ತದ.

2020ರ ಅಕ್ಟೋಬರ್ ನೆನಪಿರ್ಬೇಕು ನಿಮಗ. ಆವಾಗ ನಾನು ಡ್ಯೂಟಿ ಮ್ಯಾಲಿದ್ದೆ, ಊರ ಹೆಸರು ಬ್ಯಾಡ. ರಾತ್ರಿ 11ರ ಸುಮಾರಿಗೆ ಗ್ರೂಪಿನ್ಯಾಗ ಮೆಸೇಜ್ ಬಿತ್ತು, ನೀರು ಏರ್ಲಿಕ್ಕತ್ತದ ದಂಡಿ ಮ್ಯಾಲಿನವ್ರು ಖಾಲಿ ಮಾಡ್ರಿ ಅಂತ. ಅದಕ್ಕ ಹತ್ತು ಮಂದಿ ಕೈ ಮುಗಿಯೂ ಚಿತ್ರ ಹಾಕಿದ್ರು, ಒಬ್ಬಾವ ಶುಭರಾತ್ರಿ ಅಂತ ಗುಲಾಬಿ ಹೂವ ಹಾಕಿದ. ಹೊಳಿಗೆ ಹತ್ರದ ಮನಿ ಒಬ್ಬ ಮುದುಕಿದು, ಮಗ ಪುಣೆಕ್ಕ ದುಡೀಲಿಕ್ಕ ಹೋಗಿದ್ದ, ಆಕಿ ಹತ್ರ ಫೋನೇ ಇಲ್ಲ. ನಾನೂ ವಾಲಿಕಾರನೂ (ಊರಿನ ಗ್ರಾಮ ಸಹಾಯಕ) ಬ್ಯಾಟರಿ ಹಿಡ್ಕೊಂಡು ಹೋಗೂದ್ರಾಗ ನೀರು ಹೊಸ್ತಿಲಿಗೆ ಹತ್ತಿತ್ತು, ಮುದುಕಿ ಒಳಗ ನಿದ್ದಿಯೊಳಗ. ಎಬ್ಬಿಸಿದ್ವಿ. ಎಮ್ಮಿ ಬಿಟ್ಟು ಬರಲ್ಲ ಅಂದ್ಲು. ಎಮ್ಮಿ ಬಿಚ್ಚೋಣ ಅಂತ ಹೋದ್ರ ಕಟ್ಟಿದ ಕಣ್ಣಿ ಹಗ್ಗ ನೀರಾಗ ತೊಯ್ದು ಗಂಟು ಕಲ್ಲಾಗಿ ಕುಂತದ, ಎಮ್ಮಿ ಬೆದರಿ ಎಳ್ದಷ್ಟೂ ಇನ್ನೂ ಬಿಗೀತದ. ನಾ ಜಗ್ಗಿದೆ, ವಾಲಿಕಾರ ಜಗ್ಗಿದ, ಬ್ಯಾಟರಿ ಬಾಯಾಗ ಕಚ್ಚಿ ಹಿಡ್ದು ಇಬ್ರೂ ಜಗ್ಗಿದ್ವಿ. ಕಡೀಗೆ ಮುದುಕಿನೇ ಒಳಗ ಹೋಗಿ ಕುಡಗೋಲು ತಂದ್ಲು, ಒಂದೇ ಏಟು. ನೌಕರಿ ಮಾಡೂ ಮಂದಿಗೆ ಗಂಟು ಬಿಚ್ಚಲಿಕ್ಕ ಬರಲ್ಲೇನು ಅಂತ ಬೈದ್ಲು, ಎಮ್ಮಿ ಮುಂದ ಮಾಡ್ಕೊಂಡು ನಮಗೇ ದಾರಿ ತೋರಿಸ್ಕೊಂತ ನಡದ್ಲು. ಅಂದಿನಿಂದ ನಾ ಯಾವ ಊರಿಗೆ ಹೋದ್ರೂ ಹೇಳೂ ಮಾತು ಒಂದೇ, ಮಳಿಗಾಲದಾಗ ಕೊಟ್ಟಿಗಿ ಕಂಬಕ್ಕ ಒಂದು ಕುಡಗೋಲು ಸಿಗಿಸಿಡ್ರಿ, ಕಣ್ಣಿ ಹಗ್ಗಕ್ಕ ಜಗ್ಗಿದ್ರ ಬಿಚ್ಚಿ ಬರೂ ಗಂಟು ಹಾಕ್ರಿ.

ಅದಕ್ಕ ನಿಮ್ಮ ಊರಾಗ ಮಾಡ್ಬೇಕಾದದ್ದು ಅಂದ್ರ ಓಣಿಗೆ ಇಬ್ಬರಂಗ ಕದ ಬಡಿಯೋರನ್ನ ಗೊತ್ತು ಮಾಡೂದು. ಹತ್ತು ಮನಿಗೆ ಇಬ್ರು, ಒಬ್ರು ಹೊರಗ ಊರಿಗೆ ಹೋಗಿದ್ರ ಇನ್ನೊಬ್ರು. ಅವರ ಕೈಯಾಗ ಪಟ್ಟಿ ಇರ್ಬೇಕು: ಫೋನ್ ಇಲ್ಲದವ್ರು ಯಾರು, ಹೊತ್ಕೊಂಡು ಬರ್ಬೇಕಾದವ್ರು ಯಾರು, ಬಸರಿ ಯಾರು, ಹಸಗೂಸು ಯಾರ ಮನ್ಯಾಗ, ಕಿವಿ ಕೇಳದವ್ರು ಯಾರು. ಕುಡ್ದು ಮಲಗೂ ಗಂಡಸ್ರು ಯಾರ‍್ಯಾರು ಅನ್ನೂದೂ ಬರೀರಿ, ಯಾವ ಸರ್ಕಾರಿ ನಮೂನಿಯೊಳಗೂ ಆ ಕಾಲಂ ಇರಲ್ಲ, ಹೊಳಿ ಬಂದ ರಾತ್ರಿ ಎಬ್ಬಿಸ್ಲಿಕ್ಕ ಜಾಸ್ತಿ ತ್ರಾಸ ಕೊಡೋರು ಅವ್ರೇ. ಗುಡಿ ಮೈಕು, ಮಸೂತಿ ಮೈಕು ಎರಡೂ ಕೆಲಸಕ್ಕ ಬರ್ತಾವ, ಆದ್ರ ನೀರು ಬಂದಾಗ ಶಾಕ್ ಹೊಡೀಬಾರ್ದು ಅಂತ ಕರೆಂಟ್ ತೆಗೀತಾರ, ಆವಾಗ ಮೈಕು ಮೂಕ. ಹಲಗಿ ಇರ್ಲಿ. ಹಲಗಿ ಯಾರ ಕೈಯಾಗಾದ್ರೂ ಸಪ್ಪಳ ಮಾಡ್ತದ, ಅದೇ ಕೇರಿಯವ್ರೇ ಬಂದು ಬಾರಿಸ್ಬೇಕು ಅಂತ ಕಾಯೂದು ಬ್ಯಾಡ.

ಮಂದಿ ಮನಿ ಬಿಟ್ಟು ಬರಲ್ಲ ಅಂತ ಆಫೀಸರು ಬೈತಾರ, ಹಠ ಅಂತಾರ. ಹಠ ಅಲ್ಲ, ದನ ಎಲ್ಲಿ ಕಟ್ಟೂದು ಅನ್ನೂದೇ ಚಿಂತಿ. ಸಾಲ್ಯಾಗ ಕಾಳಜಿ ಕೇಂದ್ರ ತೆಗೀತಾರ, ಅನ್ನ ಸಾರು ಕೊಡ್ತಾರ, ಎಮ್ಮಿಗೆ ಜಾಗ ಇರಲ್ಲ. ಈಗಿಂದನೇ ಪಂಚಾಯ್ತಿಯೊಳಗ ಕೇಳಿ ಎತ್ತರದ ಒಂದು ಜಾಗ, ಹತ್ರ ನೀರು, ಎರಡು ಬಂಡಿ ಕಣಿಕಿ ಗೊತ್ತು ಮಾಡಿಸ್ರಿ. ದನ ಮ್ಯಾಲ ಹೋದ್ರ ಮಂದಿ ಹಿಂದ ತಾನೇ ಬರ್ತದ.

ಪ್ರಶ್ನಿ: ಸರ್, ನಮ್ಮದು ಚಿಂಚೋಳಿ ತಾಲೂಕು. ಭೂಮಿಯೊಳಗಿಂದ ಗುಡುಗಿದಂಗ ಸಪ್ಪಳ ಬರ್ತದ, ಪಾತ್ರಿ ಅಲುಗ್ತಾವ. ಅವ್ವ ಮನಿ ಒಳಗ ಮಲಗಲ್ಲ ಅಂತಾಳ. ಸಣ್ಣ ಸಣ್ಣ ಆಗಿ ಹೋದ್ರ ಒಳ್ಳೇದು, ದೊಡ್ಡದು ಬರಲ್ಲ ಅಂತ ಒಬ್ರು ಹೇಳ್ತಾರ, ಇದು ದೊಡ್ಡದಕ್ಕ ಮುನ್ಸೂಚನಿ ಅಂತ ಇನ್ನೊಬ್ರು. ಯಾವ್ದು ಖರೆ?

ತಮ್ಮಾ, ಎರಡೂ ಖಾತ್ರಿ ಇಲ್ಲ. ಇಂಥಾ ದಿನ ಇಂಥಾ ಊರಾಗ ಭೂಕಂಪ ಆಗ್ತದ ಅಂತ ಮೊದಲೇ ಹೇಳೂ ವಿದ್ಯಾ ಜಗತ್ತಿನ್ಯಾಗ ಯಾರ ಹತ್ರಾನೂ ಇಲ್ಲ, ಹೇಳ್ತೀನಿ ಅಂದವಗ ಚಾ ಕುಡಿಸಿ ಕಳಸು. ಸಣ್ಣದ್ರಾಗ ಶಕ್ತಿ ಹೊರಗ ಹೋಗಿ ದೊಡ್ಡದು ತಪ್ಪತದ ಅನ್ನೂದೂ ಲೆಕ್ಕಕ್ಕ ಕೂಡಲ್ಲ. 2021ರ ಅಕ್ಟೋಬರ್ 11ರ ರಾತ್ರಿ ನಿಮ್ಮ ಕಡಿ ಗಡಿಕೇಶ್ವರದ ಹತ್ರ ಆದದ್ದು 4.1 ತೀವ್ರತೆ, ಊರ ಮಂದಿ ಹೊರಗ ಮಲಗಿದ್ರು, ಎಷ್ಟೋ ಮಂದಿ ನೆಂಟರ ಊರಿಗೆ ಹೋದ್ರು. 1993ರ ಸೆಪ್ಟೆಂಬರ್ 30ರ ನಸುಕಿನ್ಯಾಗ ಮಹಾರಾಷ್ಟ್ರದ ಲಾತೂರ ಕಡಿ ಕಿಲ್ಲಾರಿದ್ದು 6.2ರ ಸುಮಾರು. ಅಂಕಿ ನೋಡಿದ್ರ ಎರಡೇ ಹೆಚ್ಚು ಅನಸ್ತದ, ಆದ್ರ ಒಂದು ಅಂಕಿ ಏರಿದ್ರ ಶಕ್ತಿ ಅಂದಾಜು 32 ಪಟ್ಟು ಏರ್ತದ, ಎರಡು ಏರಿದ್ರ ಸಾವಿರ ಪಟ್ಟು. ಅಂಥಾ ಒಂದು ಕರಗ್ಲಿಕ್ಕ ಇಂಥಾವು ಸಾವಿರ ಆಗ್ಬೇಕು.

ಸಪ್ಪಳ ಯಾಕಂದ್ರ ಇವು ಭಾಳ ಆಳದಾಗ ಆಗಲ್ಲ, ಮ್ಯಾಲೇ ಆಗ್ತಾವ, ಅದಕ್ಕ ನಡುಗೂದು ಸಣ್ಣದಿದ್ರೂ ಕಿವಿಗೆ ಗುಡುಗಿನಂಗ ಮುಟ್ತದ. ನಿಮ್ಮ ಕಡಿ ಕೆಳಗೆಲ್ಲ ಸುಣ್ಣದ ಕಲ್ಲು, ಮಳಿಗಾಲ ಮುಗಿಯೂ ಹೊತ್ತಿಗೆ ಸಂದಿಯೊಳಗ ನೀರಿಳಿದು ಒತ್ತಡ ಬದಲಾಗಿ ಇಂಥಾ ಸಣ್ಣ ಕಂಪನ ಆಗ್ತಾವ ಅನ್ನೂದು ವಿಜ್ಞಾನಿಗಳು ಕೊಡೂ ಒಂದು ಕಾರಣ.

ಕಿಲ್ಲಾರಿ ನಮಗೇನು ದೂರ, ಆಳಂದದ ಆ ಕಡಿ. ಆ ನಸುಕು ಕಲಬುರಗಿಯೊಳಗೂ ಮಂಚ ಅಲುಗಿ ಎದ್ದವ್ರು ಇನ್ನೂ ಇದ್ದಾರ. ಅಲ್ಲಿ ಹತ್ತು ಸಾವಿರದ ಹತ್ರ ಹತ್ರ ಮಂದಿ ಸತ್ರು, ಅವರ್ನ ಕೊಂದದ್ದು ಭೂಮಿ ಅಲ್ಲ, ಗ್ವಾಡಿ ಮತ್ತ ಮಾಳಿಗಿ. ಆ ಮನಿಗಳು ನಮ್ಮ ಮನಿಗಳೇ. ಅಗಲ ಗ್ವಾಡಿ, ಹೊರಗ ಒಂದು ಸಾಲು ಕಲ್ಲು, ಒಳಗ ಒಂದು ಸಾಲು, ನಡುವ ಚಿಪ್ಪು ಮಣ್ಣು ತುಂಬಿರ್ತದ, ಅವೆರಡನ್ನೂ ಹಿಡಿದಿಡೂ ಅಡ್ಡ ಕಲ್ಲು ಇರಲ್ಲ. ಅಲುಗಿದ ಕೂಡ್ಲೆ ಗ್ವಾಡಿ ಬಾಳಿಹಣ್ಣಿನ ಸಿಪ್ಪಿಯಂಗ ಎರಡು ಕಡಿ ಬಿಚ್ಕೋತದ, ಮ್ಯಾಲಿನ ಮಣ್ಣು ಮಾಳಿಗಿ ಮಲಗಿದವರ ಮ್ಯಾಲ. ಪ್ರತಿ ವರ್ಷ ಸೋರ್ತದ ಅಂತ ಮಾಳಿಗಿ ಮ್ಯಾಲ ಮಣ್ಣು ಏರಿಸ್ಕೊಂತ ಹೋಗ್ತೀವಲ್ಲ, ಅಜ್ಜ ಹಾಕಿದ್ದು, ಅಪ್ಪ ಹಾಕಿದ್ದು, ನಾವು ಹಾಕಿದ್ದು, ಆ ಭಾರನೇ ಶತ್ರು.

ಹೊಸ ಮನಿ ಕಟ್ಟೂಷ್ಟು ರೊಕ್ಕ ಎಲ್ಲರ ಹತ್ರ ಇಲ್ಲ, ಗೊತ್ತದ. ಮೊದಲು ಮಾಳಿಗಿ ಮ್ಯಾಲಿನ ಹಳೀ ಮಣ್ಣು ಇಳಸ್ರಿ, ತೆಳ್ಳಗ ಮಾಡಿ ಸೋರದಂಗ ಬ್ಯಾರೆ ವ್ಯವಸ್ಥಾ ಮಾಡ್ರಿ. ಹೊಟ್ಟಿ ಬಂದ ಗ್ವಾಡಿ ಇದ್ರ, ಅಂದ್ರ ಹೊರಗ ಉಬ್ಬಿದ್ದು, ಅದರ ಬುಡಕ್ಕ ಯಾರೂ ಮಲಗಬ್ಯಾಡ್ರಿ. ದುರಸ್ತಿಗೆ ಗೌಂಡಿ ಕರ‍್ಸಿದಾಗ ಗ್ವಾಡಿ ಅಗಲಕ್ಕ ಪೂರಾ ಬರೂ ಅಡ್ಡ ಕಲ್ಲು ಅಲ್ಲಲ್ಲಿ ಕೂಡ್ಸು ಅನ್ರಿ. ಹೊಸದು ಕಟ್ಟೋರು ಬಾಗಲ ಮ್ಯಾಲ ಸುತ್ತ ನಾಲ್ಕೂ ಗ್ವಾಡಿಗೆ ಒಂದೇ ಸಮ ಕಾಂಕ್ರೀಟ್ ಪಟ್ಟಿ ಓಡಸ್ರಿ, ಲಿಂಟಲ್ ಬ್ಯಾಂಡ್ ಅಂದ್ರ ಗೌಂಡಿಗೆ ತಿಳೀತದ. ಪೆಟ್ಟಿಗಿಗೆ ಹಗ್ಗ ಕಟ್ಟಿದಂಗ ಅದು. ಕಪಾಟಿನ ಮ್ಯಾಲಿಟ್ಟ ಹಂಡೆ, ರುಬ್ಬು ಕಲ್ಲು ಕೆಳಗ ಇಳಸ್ರಿ.

ಅವ್ವ ಹೊರಗ ಮಲಗೂದು ತಪ್ಪಲ್ಲ, ಆದ್ರ ಗ್ವಾಡಿ ಮಗ್ಗಲಿಗೆ ಕಟ್ಟಿ ಮ್ಯಾಲ ಮಲಗಿದ್ರ ಒಳಗ ಮಲಗಿದ್ದಕ್ಕಿಂತ ಹೆಚ್ಚು ಅಪಾಯ. ಬಯಲಿನ್ಯಾಗ ಹಾಸು. ಸೊಳ್ಳಿ ಪರದೆ ಕಟ್ಟು, ಕೆಳಗ ಮಲಗಬ್ಯಾಡ್ರಿ, ಹೊರಸು ಹಾಕ್ರಿ, ಹಾವು ಚೇಳಿನ ಹೆದರಿಕಿ ಭೂಕಂಪಕ್ಕಿಂತ ಹತ್ರ ಅದ.

ಪ್ರಶ್ನಿ: ಗುರುಮಠಕಲ್ ಕಡಿಂದ ಕುರಿ ಕಾಯೂ ಅಣ್ಣಾರು ವಾಯ್ಸ್ ಮೆಸೇಜ್ ಕಳಸ್ಯಾರ (ಕುರಿ ಒದ್ರಿದ್ದು ಇದ್ರಾಗೇ). ಬೇವಿನ ಗಿಡದ ಕೆಳಗ ನಿಂತಿದ್ದ ಆಡು ಸಿಡ್ಲಿಗೆ ಸತ್ತವಂತ, ಹೂತು ಹಾಕಿದ್ರಂತ, ಪರಿಹಾರ ಕೇಳಲಿಕ್ಕ ಹೋದ್ರ ಪುರಾವೆ ಏನದ ಅಂದ್ರಂತ.

ಅಣ್ಣಾ, ಹೂತದ್ದೇ ತಪ್ಪಾತು ನೋಡ್ರಿ, ವಾಸನಿ ಬರ್ತದ ಅಂತ ಜಲ್ದಿ ಮಾಡ್ತಾರ ಎಲ್ರೂ. ಮೊದಲು ಪಶು ಡಾಕ್ಟರ್ ಬಂದು ಪೋಸ್ಟ್‌ಮಾರ್ಟಮ್ ಮಾಡ್ಬೇಕು, ವಿಎ ಪಂಚನಾಮೆ ಬರೀಬೇಕು, ನೀವು ಫೋನಿನ್ಯಾಗ ಗಿಡ ಸಮೇತ ಫೋಟೊ ಹೊಡ್ಕೋಬೇಕು, ಕಿವಿಯೊಳಗ ಟ್ಯಾಗ್ ಇದ್ರ ಅದು ಕಾಣೂಹಂಗ. 2022ರಿಂದ 2026ರ ತನಕದ ವಿಪತ್ತು ಪರಿಹಾರ ನಿಯಮದಾಗ ಕುರಿ, ಆಡಿಗೆ ತಲಿಗೆ 4,000, ಹಾಲು ಕೊಡೂ ಎಮ್ಮಿ ಆಕಳಿಗೆ 37,500, ಎತ್ತಿಗೆ 32,000 ರೂಪಾಯಿ ಅಂತ ಇತ್ತು. ಸಂತ್ಯಾಗ ಆಡಿನ ರೇಟಿಗೂ ಇದಕ್ಕೂ ಸಂಬಂಧ ಇಲ್ಲ, ಅದು ಬ್ಯಾರೆ ದುಃಖ. ಮನಷಾ ಹೋದ್ರ 4 ಲಕ್ಷ ಇತ್ತು. ಈಗಾದ್ರೂ ಊರವರ ಸಹಿ ಹಾಕಿಸಿ ಅರ್ಜಿ ಕೊಟ್ಟು ಸ್ವೀಕೃತಿ ತಗೋರಿ, ಆಗ್ತದ ಅಂತ ಮಾತು ಕೊಡಲ್ಲ.

ಒಂದು ಗಿಡದ ಕೆಳಗ ಅಷ್ಟೂ ಒಮ್ಮೆಲೇ ಯಾಕ ಸಾಯ್ತಾವ ಗೊತ್ತೇನ್ರಿ? ಸಿಡ್ಲು ಗಿಡಕ್ಕ ಬಿದ್ದು ಬುಡದಿಂದ ನೆಲದಾಗ ಸುತ್ತ ಹರೀತದ. ನೆಲದ ಮ್ಯಾಲ ಮುಂದಿನ ಕಾಲು ಹಿಂದಿನ ಕಾಲು ದೂರ ದೂರ ಇರ್ತಾವ, ಕರೆಂಟ್ ಒಂದು ಕಾಲಿನಿಂದ ಏರಿ ಇನ್ನೊಂದರಿಂದ ಇಳೀತದ, ನಡುವ ಗುಂಡಿಗಿ ಅದ. ನಾಲ್ಕು ಕಾಲಿನವು ಅದಕ್ಕೇ ಜಾಸ್ತಿ ಸಾಯ್ತಾವ. ನೀವು ಬಯಲಾಗ ಸಿಕ್ಕೊಂಡ್ರ ಎರಡೂ ಪಾದ ಜೋಡಿಸಿ ಕುಕ್ಕರಗಾಲಿಲೆ ಕುಂದರ್ರಿ, ಅಂಗಾತ ಮಲಗಬ್ಯಾಡ್ರಿ, ಕಂಬಳಿ ಹೊದ್ದರ ಮಳಿ ತಡೀತದ ಸಿಡ್ಲು ತಡಿಯಲ್ಲ. ಹೊಲದಾಗಿನ ಗುಡಸಲು, ಟ್ರ್ಯಾಕ್ಟರ್, ಬೈಕು ಯಾವ್ದೂ ಆಸರಾ ಅಲ್ಲ, ಪಕ್ಕಾ ಮನಿ ಇಲ್ಲಾ ಗ್ಲಾಸ್ ಏರಿಸಿದ ಕಾರು, ಬಸ್ಸು ಆಗ್ತಾವ. ಮಿಂಚಿದ ಮ್ಯಾಲ ಎಣಸ್ರಿ, ಮೂರು ಎಣಿಸೂದ್ರಾಗ ಗುಡುಗಿದ್ರ ಒಂದು ಕಿಲೋಮೀಟರ್. ಮೂವತ್ತರೊಳಗ ಗುಡುಗಿದ್ರ ಕುರಿ ಹೊಡ್ಕೊಂಡು ಗಿಡ ಬಿಟ್ಟು ತಗ್ಗಿಗೆ ಇಳಸ್ರಿ, ಹಳ್ಳದಾಗ ಅಲ್ಲ ಮತ್ತ. ಗುಡುಗು ನಿಂತ ಮ್ಯಾಲೂ ಅರ್ಧ ತಾಸು ಕಾಯ್ರಿ.

ದಾಮಿನಿ ಅಂತ ಒಂದು ಆ್ಯಪ್ ಅದ, ಪುಣೆಯ ಹವಾಮಾನ ಸಂಸ್ಥಾದವ್ರು ಮಾಡಿದ್ದು, ಸುತ್ತ 20, 40 ಕಿಲೋಮೀಟರ್‌ನ್ಯಾಗ ಸಿಡ್ಲು ಬಿದ್ದದ್ದು ತೋರಸ್ತದ. ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ್ದು ಸಿಡಿಲು ಆ್ಯಪ್, ಮತ್ತ ವರುಣ ಮಿತ್ರ ಅಂತ ಫೋನ್, 92433 45433, ಮಳಿ ಗಾಳಿ ಬಗ್ಗೆ ಕನ್ನಡದಾಗ ಕೇಳಬಹುದು. ಸಿಡ್ಲು ಹೊಡ್ದ ಮನಷಾನ್ನ ಮುಟ್ಟಿದ್ರ ಶಾಕ್ ಹೊಡೀತದ ಅಂತ ದೂರ ನಿಂದರ್ತಾರ, ಸುಳ್ಳು ಅದು. ಮೈಯಾಗ ಕರೆಂಟ್ ಉಳಿಯಲ್ಲ. ಉಸಿರು ಇಲ್ಲದಿದ್ರ ಎದಿ ನಡುವ ಎರಡೂ ಕೈ ಇಟ್ಟು ಜೋರಾಗಿ ಒತ್ರಿ, 108ಕ್ಕ ಫೋನ್ ಹಚ್ಚಿ ಅವ್ರು ಬರೂತನ ನಿಲ್ಲಸಬ್ಯಾಡ್ರಿ. ಸಗಣಿಯೊಳಗ ಹೂತಿಡೂದು ಬ್ಯಾಡ.

ಪ್ರಶ್ನಿ: ಕಲಬುರಗಿ ಸಿಟಿಯೊಳಗ ತಗಡಿನ ಮನಿಯೊಳಗ ಇರ್ತೀವಿ, ಮೇ ತಿಂಗಳಾಗ ಒಳಗ ಕುಂದ್ರೂಹಂಗ ಇಲ್ಲ. ಕೂಲರ್ ತಗೋಳೂಷ್ಟು ಆಗಲ್ಲ.

ಬಿಸ್ಲೂ ವಿಪತ್ತೇ ಅಕ್ಕಾರ, ಹೊಳಿಯಂಗ ಸಪ್ಪಳ ಮಾಡ್ಕೊಂತ ಬರಲ್ಲ ಅಷ್ಟೇ. ನಮ್ಮ ಭಾಗಕ್ಕ ಏಪ್ರಿಲ್ ಮೇ ತಿಂಗಳು ಸರ್ಕಾರಿ ಆಫೀಸ್ ಮುಂಜಾನಿ 8ರಿಂದ ಮಧ್ಯಾಹ್ನ 1:30ರ ತನಕ ಮಾಡ್ತಾರ. ಗಾರಿ ಕೆಲಸದವ್ರಿಗೆ, ಪರ್ಸಿ ಖಣಿಯವ್ರಿಗೆ ಆ ಟೈಮ್ ಯಾರೂ ಬದಲ್ ಮಾಡಲ್ಲ, ಇದು ನನಗ ಸಿಟ್ಟು ಬರೂ ವಿಷಯ.

ತಗಡಿನ ಮ್ಯಾಲ, ಪರ್ಸಿ ಮಾಳಿಗಿ ಮ್ಯಾಲ ಮಾರ್ಚ್‌ನ್ಯಾಗೇ ಬಿಳೇ ಸುಣ್ಣ ದಪ್ಪಗ ಬಳೀರಿ, ಫೆವಿಕಾಲ್ ಸ್ವಲ್ಪ ಕಲಿಸಿದ್ರ ಹಿಡ್ಕೋತದ. ಒಳಗ ಕಮ್ಮಿ ಅನಸೂದು ನಿಮಗೇ ತಿಳೀತದ. ತಗಡಿನ ಕೆಳಗ ಹಳೀ ಸೀರಿ, ಗೋಣಿ ಚೀಲ ಕಟ್ರಿ, ನಡುವ ಗೇಣು ಸಂದಿ ಬಿಟ್ಟು. ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು, ತಲಿ ಸವರಿದ ಚಮಚ, ಇದೇ ಮನಿ ಓಆರ್‌ಎಸ್. ಜ್ವಾಳದ ಅಂಬಲಿ, ಮಜ್ಜಿಗಿ ಇದ್ದೇ ಅವ. ಬಿಸ್ಲಾಗಿಂದ ಬಂದವ್ರು ಮೈ ಕಾದು, ಮಾತು ತೊದಲಿ, ಏನರೆ ಬಡಬಡಿಸಿದ್ರ ಅದು ಬರೇ ಸುಸ್ತು ಅಲ್ಲ. ಅರಿವಿ ಸಡಿಲ ಮಾಡಿ ಮೈತುಂಬ ನೀರು ಹಾಕಿ ಬೀಸ್ರಿ, 108 ಕರೀರಿ. ಎಚ್ಚರ ತಪ್ಪಿದವ್ರ ಬಾಯಾಗ ನೀರು ಹಾಕಬ್ಯಾಡ್ರಿ, ಶ್ವಾಸಕ್ಕ ಹೋಗ್ತದ.

ಪ್ರಶ್ನಿ: ಜೇವರ್ಗಿಯಿಂದ. ತೊಗರಿಯೊಳಗ ನೀರು ನಿಂತು ಹಳದಿ ಆಗ್ಯಾವ. ಇನ್ಶೂರೆನ್ಸ್ ತುಂಬೀನಿ. ಸರ್ವೆಗೆ ಬರ್ತಾರ ಅಂತ ಕಾಯ್ಕೊಂತ ಕುಂತೀನಿ.

ಕಾಯಬ್ಯಾಡ್ರಿ! ಹೊಲದಾಗ ನೀರು ನಿಂತು ಹಾನಿ ಆದ್ರ 72 ತಾಸಿನೊಳಗ ನೀವೇ ತಿಳಸ್ಬೇಕು, 14447ಕ್ಕ ಫೋನ್ ಹಚ್ರಿ, ದೂರಿನ ನಂಬರ್ ಬರ್ಕೋರಿ. ರೈತ ಸಂಪರ್ಕ ಕೇಂದ್ರದಾಗೂ ಬರ್ದು ಕೊಡ್ರಿ. ಇದು ಇನ್ಶೂರೆನ್ಸ್. ಸರ್ಕಾರದ ಪರಿಹಾರ ಬ್ಯಾರೆ, ಅದಕ್ಕ 33 ಪರ್ಸೆಂಟ್‌ ಇಲ್ಲಾ ಅದಕ್ಕಿಂತ ಜಾಸ್ತಿ ಹಾನಿ ಆಗಿರ್ಬೇಕು, ಮ್ಯಾಲ ಹೇಳಿದ 2022ರಿಂದ 2026ರ ನಿಯಮದಾಗ ಮಳಿ ಆಶ್ರಿತ ಬೆಳಿಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಎರಡು ಹೆಕ್ಟೇರ್ ತನಕ ಇತ್ತು, ರಾಜ್ಯ ಸರ್ಕಾರ ಒಮ್ಮೊಮ್ಮೆ ಮ್ಯಾಲ ಸೇರಸ್ತದ. ಪಹಣಿ ಒಬ್ಬರ ಹೆಸರಿಗೆ, ಬೆಳಿ ಸಮೀಕ್ಷಾದಾಗ ಬ್ಯಾರೆ ಬೆಳಿ, ಆಧಾರ್ ಜೋಡಣಿ ಇಲ್ಲದ ಖಾತಿ, ಈ ಮೂರರಾಗೇ ಮುಕ್ಕಾಲು ಮಂದಿ ರೊಕ್ಕ ಸಿಕ್ಕೊಂಡದ್ದು ನಾ ಕುರ್ಚಿ ಮ್ಯಾಲ ಕುಂತು ನೋಡೀನಿ. ಅಪ್ಪ ಸತ್ತು ಹತ್ತು ವರ್ಷ ಆಗಿರ್ತದ, ಪಹಣಿಯೊಳಗ ಇನ್ನೂ ಅವ್ರೇ ಉಳುಮಿ ಮಾಡ್ತಿರ್ತಾರ. ಬ್ಯಾಸಗಿಯೊಳಗ ಇದನ್ನ ಮುಗಿಸ್ಕೋರಿ. ಮುಂದಿನ ವರ್ಷ ತೊಗರಿ ಸಾಲಿನ ನಡುವ ಬಸಿಗಾಲುವೆ ಹೊಡೀರಿ, ಎರಿ ಭೂಮಿ ಒಮ್ಮೆ ಕುಡೀತಂದ್ರ ಬಿಡಲ್ಲ, ತೊಗರಿ ಬೇರಿಗೆ ಉಸಿರು ಕಟ್ತದ.

ಪ್ರಶ್ನಿ: ಬೀದರ್‌ನಿಂದ. ನಮಗ ಹೊಳಿ ಚಿಂತಿ ಕಮ್ಮಿ, ಬರದ್ದೇ ಚಿಂತಿ. ಬೋರ್ ಹೊಡ್ದಷ್ಟೂ ಕೆಳಗ ಹೋಗ್ತದ.

ಮಾಂಜ್ರಾ ಹೊಳಿ ದಂಡಿಯವ್ರು ನಿಮ್ಮ ಮೊದಲನೇ ಮಾತು ಒಪ್ಪಲ್ಲ, ಇರ್ಲಿ. ಬರಕ್ಕ ಉತ್ತರ ನಿಮ್ಮ ಊರ ಕೆಳಗೇ ಅದ. ನೌಬಾದ್ ಕಡಿ ಹೋಗಿ ಕರೇಜ್ ನೋಡ್ರಿ, 15ನೇ ಶತಮಾನದಾಗ ಬಹಮನಿ ಕಾಲಕ್ಕ ನೆಲದೊಳಗ ಸುರಂಗ ಕೊರೆದು ನೀರು ಹರಿಸಿದ್ದು. ಬೀದರ್‌ದು ಮ್ಯಾಲ ಕೆಂಪು ಜಂಬಿಟ್ಟಿಗಿ ಕಲ್ಲು, ಸಣ್ಣ ಸಣ್ಣ ತೂತಿಂದು, ಮಳಿ ನೀರು ಕುಡೀತದ, ಕೆಳಗ ಕಪ್ಪು ಕಲ್ಲು, ಅದು ಬಿಡಲ್ಲ, ಎರಡರ ನಡುವ ನೀರು ಕೂಡ್ತದ. ಅದನ್ನ ತಿಳ್ದು ಮಾಡ್ಯಾರ ಹಳಬ್ರು, ಮೋಟರ್ ಇಲ್ಲ, ಕರೆಂಟ್ ಇಲ್ಲ. ಮ್ಯಾಲ ಬಾವಿಯಂಗ ಬಾಯಿ ಬಿಟ್ಟಾರಲ್ಲ ಗಾಳಿ ಬೆಳಕಿಗೆ, ಅದ್ರಾಗ ನಾವು ಕಸ ಹಾಕಿದ್ವಿ. ನಿಮ್ಮ ಓಣಿಯ ಹಳೀ ಬಾವಿ ಹೂಳು ತೆಗಿಸೂದಕ್ಕ ಒಂದು ಬೋರಿನ ಖರ್ಚು ಆಗಲ್ಲ. ಮುಚ್ಚಿದ ಬಾವಿ ಮ್ಯಾಲ ಅಂಗಡಿ ಕಟ್ಟಿದ್ರ ಮಾತ್ರ ನಾ ಏನೂ ಹೇಳಲಾರೆ.

ಪ್ರಶ್ನಿ: ಇದೆಲ್ಲ ಸರ್ಕಾರದ ಕೆಲಸ. ಟ್ಯಾಕ್ಸ್ ಕಟ್ಟೂದು ನಾವು, ಕದ ಬಡಿಯೂದೂ ನಾವೇ ಏನು? (ಶಹಾಪುರದಿಂದ ಒಬ್ರು ಸಿಟ್ಟಿಲೆ ಬರದಾರ)

ಸಿಟ್ಟು ಬರೋಬರಿ ಅದ ಸರ್. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾಕ್ಕ ಒಂದು ಪ್ರಾಧಿಕಾರ ಇರ್ಬೇಕು, ಡಿಸಿ ಸಾಹೇಬ್ರೇ ಅದರ ಅಧ್ಯಕ್ಷರು, ಜಿಲ್ಲಾ ಯೋಜನಾ ಮಾಡಿ ವರ್ಷಾ ವರ್ಷಾ ಅದನ್ನ ನೋಡಿ ತಿದ್ದಬೇಕು. ಗ್ರಾಮಸಭಾದಾಗ ನಿಂತು ಕೇಳ್ರಿ, ನಮ್ಮ ಊರಿಗೆ ಬೋಟ್ ಎಲ್ಲಿಂದ ಬರ್ತದ, ಎಷ್ಟು ತಾಸಿಗೆ, ಕಾಳಜಿ ಕೇಂದ್ರದ ಬೀಗದ ಕೈ ಯಾರ ಹತ್ರ ಅದ ಅಂತ. ಬೀಗದ ಕೈ ಪ್ರಶ್ನಿ ಮರೀಬ್ಯಾಡ್ರಿ. ಒಂದು ಊರಾಗ ಮಂದಿ ಮಳ್ಯಾಗ ಸಾಲಿ ಮುಂದ ನಿಂತಿದ್ರು, ಕೈ ಹೆಡ್‌ಮಾಸ್ತರ ಹತ್ರ, ಹೆಡ್‌ಮಾಸ್ತರು ಸಿಟಿಯೊಳಗ, ದಾರಿ ಮ್ಯಾಲ ನೀರು. ಕಡೀಗೆ ಕಲ್ಲಿಲೆ ಬೀಗ ಒಡೆದ್ರು, ಆಮ್ಯಾಲ ಒಡದವ್ರ ಮ್ಯಾಲೇ ತಕರಾರು.

ಆದ್ರ ನಮಗ ಬರೂ ಕೇಂದ್ರದ ವಿಪತ್ತು ರಕ್ಷಣಾ ಪಡಿ, ಅಂದ್ರ ಎನ್‌ಡಿಆರ್‌ಎಫ್ ಬೆಟಾಲಿಯನ್ ಇರೂದು ವಿಜಯವಾಡದ ಹತ್ರ. ಅಲ್ಲಿಂದ ಬಂದು ಬೋಟಿಗೆ ಗಾಳಿ ತುಂಬೂತನಕ ಹೊಳಿ ನಿಮ್ಮ ಸಿಟ್ಟು ಕೇಳ್ಕೊಂತ ನಿಲ್ಲಲ್ಲ. ಸರ್ಕಾರಕ್ಕ ಕೇಳೂದು ಹಗಲಿನ ಕೆಲಸ, ಕದ ಬಡಿಯೂದು ರಾತ್ರಿದು. ತುರ್ತಿಗೆ 112, ಜಿಲ್ಲಾ ಕಂಟ್ರೋಲ್ ರೂಮಿಗೆ 1077.

ಪ್ರಶ್ನಿ: ನಾನು ಎಂಟನೇತ್ತಿ. ನಮ್ಮ ಊರು ವಡಗೇರಾ ಕಡಿ. ಮಕ್ಕಳು ಏನ್ ಮಾಡಬಹುದು? (ಇದು ಪೋಸ್ಟ್‌ಕಾರ್ಡ್, ಅಕ್ಷರ ಮುತ್ತಿನಂಗ ಅವ)

ಕೂಸೇ, ಈ ವಾರ ಸಾಲಿ ಬಿಟ್ಟ ಮ್ಯಾಲ ನೀನೂ ನಿನ್ನ ಗೆಳತ್ಯಾರೂ ನಿಮ್ಮ ಓಣಿ ಮನಿಗಳನ್ನ ಒಂದು ಹಾಳಿ ಮ್ಯಾಲ ಬರೀರಿ, ಹೊಳಿ ಯಾವ ಕಡಿ ಅದ ಅಂತ ಬಾಣದ ಗುರ್ತು ಹಾಕ್ರಿ. ಒಂದೊಂದು ಮನಿಗೂ ಹೋಗಿ ಕೇಳ್ರಿ, ರಾತ್ರಿ ಇಲ್ಲಿ ಯಾರ‍್ಯಾರು ಮಲಗ್ತಾರ, ಒಬ್ರೇ ಇರೋರು ಯಾರು, ನಡೀಲಿಕ್ಕ ಬರದವ್ರು ಯಾರು. ಅವರ ಮನಿಗೆ ಕೆಂಪು ಚುಕ್ಕಿ ಇಡ್ರಿ. ದೊಡ್ಡವ್ರು ಕೇಳಿದ್ರ ಯಾಕಪ್ಪಾ ಅಂತ ಅನುಮಾನ ಮಾಡ್ತಾರ, ಮಕ್ಕಳು ಕೇಳಿದ್ರ ಒಳಗ ಕರ‍್ದು ಶೇಂಗಾ ಉಂಡಿ ಕೊಟ್ಟು ಹೇಳ್ತಾರ. ಮುಗಿದ ಮ್ಯಾಲ ಒಂದು ಪ್ರತಿ ಪಂಚಾಯ್ತಿಗೆ, ಒಂದು ಆಶಾ ಅಕ್ಕಾರಿಗೆ, ಒಂದು ಗುಡಿ ಗ್ವಾಡಿಗೆ. ಹೊಳಿಗೆ ಹತ್ರದ ಕೆಂಪು ಚುಕ್ಕಿ ಮನಿಯೊಳಗ ಎಮ್ಮಿ ಇದ್ರ ಅದನ್ನೂ ಬರೀ, ಕುಡಗೋಲು ಎಲ್ಲಿ ಇಟ್ಟೀರಿ ಅಂತನೂ ಕೇಳು.